ಶಾಂತವಾದ ಕೋಣೆ ಯಾರ ಮನೆಯಲ್ಲಿದೆ? ಆನ್‌ಲೈನ್ ಪಾಠದ ಕೈಪಿಡಿಗಳನ್ನು ಓದುತ್ತಾ

ಕಾಲೇಜು, ಯೂನಿವರ್ಸಿಟಿ ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಪರಿಣಾಮಕಾರಿಯಾಗಿ ಪಾಠ ಮಾಡುವುದು ಹೇಗೆ ಎಂದು ಹೇಳಿಕೊಡುವ ಕೈಪಿಡಿಗಳು 2020ರಿಂದ ಈಚೆಗೆ ರಾಶಿ ಬಿದ್ದಿವೆ. ಕಾರ್ಯಾಗಾರಗಳಲ್ಲಿ ಹಂಚುತ್ತಾರೆ, ಸುತ್ತೋಲೆಗಳ ಜೊತೆ ಲಗತ್ತಿಸುತ್ತಾರೆ, ಪಿಪಿಟಿ ಮಾಡಿ ಗೋಡೆಗೆ ಬಿಟ್ಟು ತೋರಿಸುತ್ತಾರೆ. ಇವನ್ನು ನಮ್ಮ ವಿಮರ್ಶಕರು ಬರವಣಿಗೆ ಅಂತ ಓದುವುದಿಲ್ಲ. ಓದಬೇಕು. ಕತೆ, ಕಾದಂಬರಿ, ಕವಿತೆಗಳಿಗೆ ಬಂಡಾಯದವರು ಹಾಕಿದ ಪ್ರಶ್ನೆಯನ್ನೇ ಇವಕ್ಕೂ ಹಾಕಬೇಕು: ಈ ಬರವಣಿಗೆಯ ಒಳಗೆ ಇರುವ ಮನುಷ್ಯ ಯಾರು? ಯಾರನ್ನು ಎದುರಿಗೆ ಕೂರಿಸಿಕೊಂಡು ಇದು ಮಾತಾಡುತ್ತಿದೆ? ಯಾರನ್ನು ಬಾಗಿಲ ಹೊರಗೆ ನಿಲ್ಲಿಸಿದೆ?

ಇವುಗಳ ವಾಕ್ಯಗಳೆಲ್ಲ ಒಂದೇ ಅಚ್ಚಿನವು. ಶಾಂತವಾದ ಕೋಣೆ ಆರಿಸಿಕೊಳ್ಳಿ. ಹಿನ್ನೆಲೆ ಅಚ್ಚುಕಟ್ಟಾಗಿರಲಿ. ಬೆಳಕು ಮುಖದ ಮೇಲೆ ಬೀಳಲಿ. ಕ್ಯಾಮೆರಾ ತೆರೆದಿಡಿ. ಸಂಪರ್ಕ ಸರಿಯಾಗಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಲ್ಲವೂ ಆಜ್ಞೆಗಳೇ, ಕರ್ತೃ ಮಾತ್ರ ಎಲ್ಲೂ ಕಾಣುವುದಿಲ್ಲ. ಕಾಣದ ಆ ಕರ್ತೃ ಯಾರು ಅಂತ ವಾಕ್ಯವನ್ನು ಬಗೆದು ನೋಡಿದರೆ ಒಂದು ಮನೆ ಕಾಣುತ್ತೆ. ಆ ಮನೆಗೆ ಓದುವ ಕೋಣೆ ಇದೆ, ಕೋಣೆಗೆ ಬಾಗಿಲಿದೆ, ಬಾಗಿಲಿಗೆ ಅಗುಳಿ ಇದೆ. ಒಳಗೆ ಮೇಜು, ಕುರ್ಚಿ, ಫ್ಯಾನು, ಪುಸ್ತಕದ ಕಪಾಟು. ಹುಡುಗ ಪಾಠ ಕೇಳುವಾಗ ಅಮ್ಮ ಕಾಫಿ ತಂದಿಟ್ಟು ಸದ್ದಾಗದ ಹಾಗೆ ಹೋಗ್ತಾರೆ. ಈ ಹುಡುಗನಿಗೆ ಕೈಪಿಡಿ ಇಟ್ಟ ಹೆಸರು 'ವಿದ್ಯಾರ್ಥಿ'. ಬರೀ ವಿದ್ಯಾರ್ಥಿ. ಜಾತಿ ಇಲ್ಲ, ಊರಿಲ್ಲ, ಬಾಷೆ ಇಲ್ಲ, ಮನೇಲಿ ದನ ಇಲ್ಲ, ಸಾಲ ಇಲ್ಲ.

ನಮ್ಮ ಕೇರಿಯ ಮನೆ ನೋಡಿ. ಆಶ್ರಯದಲ್ಲಿ ಬಂದ ಮನೆ. ನಡುಮನೆ, ಅಡುಗೆಮನೆ, ಮಲಗುವ ಮನೆ ಎಲ್ಲಾ ಒಂದೇ. ಮೂಲೇಲಿ ಒಲೆ, ಒಲೆ ಮುಂದೆ ಅವ್ವ, ಗೋಡೆಗೆ ಒರಗಿ ಕೆಮ್ಮುತ್ತಾ ಅಜ್ಜಿ, ಪಕ್ಕದ ಮನೇಲಿ ಜಗಳ, ಆಚೆ ಮೈಕಿನಲ್ಲಿ ಮಾರಿಹಬ್ಬದ ಹಾಡು. ಇಂಥಾ ಕಡೆ ಶಾಂತವಾದ ಜಾಗ ಅಂದ್ರೆ ಊರಾಚೆಯ ಸುಡುಗಾಡು ಒಂದೇ. ತಮಾಷೆಗೆ ಹೇಳ್ತಿಲ್ಲ, ಎಷ್ಟೋ ಊರಲ್ಲಿ ನೆಟ್‌ವರ್ಕು ಸಿಗೋದೂ ಅಂಥ ದಿಬ್ಬದ ಮೇಲೇ.

ಕವಿಯ ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಸರ್ಕಾರದ್ದೇ ಲೆಕ್ಕವಿದೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2017-18ರಲ್ಲಿ ನಡೆಸಿದ 75ನೇ ಸುತ್ತಿನ ಸಮೀಕ್ಷೆಯ ಪ್ರಕಾರ ದೇಶದ ಹಳ್ಳಿಗಳಲ್ಲಿ ಕಂಪ್ಯೂಟರ್ ಇದ್ದ ಮನೆಗಳು ನೂರಕ್ಕೆ 4.4, ಪಟ್ಟಣಗಳಲ್ಲಿ 23.4. ಇಂಟರ್‌ನೆಟ್ ಸೌಲಭ್ಯ ಇದ್ದ ಮನೆಗಳು ಹಳ್ಳಿಯಲ್ಲಿ ನೂರಕ್ಕೆ 14.9, ಪಟ್ಟಣದಲ್ಲಿ 42. ಈ ಲೆಕ್ಕ ಸರ್ಕಾರದ ಕೈಯಲ್ಲಿ ಇದ್ದಾಗಲೇ 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು, ಕಾಲೇಜುಗಳು ಮುಚ್ಚಿದವು. ಜೊತೆಗೆ ಮುಚ್ಚಿದ್ದು ಹಾಸ್ಟೆಲುಗಳು. ಇದನ್ನ ಯಾರೂ ದೊಡ್ಡ ಸುದ್ದಿ ಮಾಡಲಿಲ್ಲ. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲು ಅಂದರೆ ಬರೀ ಅನ್ನ, ಹಾಸಿಗೆ ಅಲ್ಲ. ನಮ್ಮ ಹುಡುಗರಿಗೆ ರಾತ್ರಿ ಹತ್ತರ ಮೇಲೂ ದೀಪ ಉರಿಯುವ ಒಂದೇ ಜಾಗ ಅದು. ಕೈಪಿಡಿ ಹೇಳುವ ಶಾಂತವಾದ ಕೋಣೆಗೆ ನಮ್ಮಲ್ಲಿ ಹತ್ತಿರದ್ದು ಏನಾದರೂ ಇದ್ದರೆ ಅದೇ. ಆ ಕೋಣೆಗೆ ಬೀಗ ಹಾಕಿ, ಬಸ್ಸು ಹತ್ತಿಸಿ ಊರಿಗೆ ಕಳಿಸಿ, ಆಮೇಲೆ ಶಾಂತವಾದ ಜಾಗ ಆರಿಸಿಕೊಳ್ಳಿ ಅಂದರು.

2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನಿಂದ ಒಂದು ಫೋಟೋ ಬಂತು. ನೆಟ್‌ವರ್ಕು ಸಿಗುವ ರಸ್ತೆ ಬದಿಯಲ್ಲಿ ಹುಡುಗಿ ಕೂತು ಪಾಠ ಕೇಳುತ್ತಿದ್ದಾಳೆ, ಸುರಿಯುವ ಮಳೆಯಲ್ಲಿ ಅಪ್ಪ ಅವಳಿಗೆ ಕೊಡೆ ಹಿಡಿದು ನಿಂತಿದ್ದಾನೆ. ಆಕೆ ಹೈಸ್ಕೂಲಿನ ಹುಡುಗಿ, ಆದರೆ ಕಾಲೇಜಿನವರ ಪಾಡೂ ಬೇರೆ ಇರಲಿಲ್ಲ. ದೇಶವೆಲ್ಲ ಆ ಚಿತ್ರವನ್ನು ಮೆಚ್ಚಿಕೊಂಡಿತು, ಅಪ್ಪನ ಪ್ರೀತಿ ಅಂತ ಕೊಂಡಾಡಿತು. ಪ್ರೀತಿ ಸರಿ. ನಮ್ಮ ಕಷ್ಟವನ್ನು ಚೆಂದದ ಚಿತ್ರ ಮಾಡಿ ನೋಡುವ ಈ ಕಣ್ಣಿದೆಯಲ್ಲ, ನವೋದಯದ ಕಾಲದಿಂದ ಅದರ ಪರಿಚಯ ನಮಗಿದೆ. ಇನ್ನೊಂದು ಸುದ್ದಿಗೆ ಚಿತ್ರವೇ ಇರಲಿಲ್ಲ. 2020ರ ಜೂನ್ 1ರಂದು, ಕೇರಳದಲ್ಲಿ ಆನ್‌ಲೈನ್ ತರಗತಿ ಶುರುವಾದ ದಿನವೇ, ಮಲಪ್ಪುರಂ ಜಿಲ್ಲೆಯಲ್ಲಿ ಒಬ್ಬ ದಲಿತ ಕೂಲಿಕಾರನ ಮಗಳು ಜೀವ ಕಳೆದುಕೊಂಡಳು. ಅದೇ ವರ್ಷ ನವೆಂಬರಿನಲ್ಲಿ ದೆಹಲಿಯ ಹೆಸರಾದ ಕಾಲೇಜಿನಲ್ಲಿ ಓದುತ್ತಿದ್ದ, ತೆಲಂಗಾಣದ ಬೈಕ್ ಮೆಕ್ಯಾನಿಕ್ ಒಬ್ಬರ ಮಗಳು. ಸಾವಿಗೆ ಒಂದೇ ಕಾರಣ ಅಂತ ಬೆರಳು ಮಾಡಿ ತೋರಿಸೋದು ಸರಿಯಲ್ಲ. ಆದರೆ ಒಂದು ಮನೇಲಿ ಟಿವಿ ಕೆಟ್ಟಿತ್ತು, ಇನ್ನೊಂದು ಮನೇಲಿ ಲ್ಯಾಪ್‌ಟಾಪು ಇರಲಿಲ್ಲ ಅನ್ನೋದು ಎಲ್ಲ ಪತ್ರಿಕೆಗಳಲ್ಲೂ ಬಂದಿದೆ.

ಇಷ್ಟು ಹೇಳಿ ನಮ್ಮ ಗೆಳೆಯರು ಸಾಮಾನ್ಯವಾಗಿ ನಿಲ್ಲಿಸಿಬಿಡ್ತಾರೆ. ಫೋನಿಲ್ಲ, ನೆಟ್ಟಿಲ್ಲ, ಆದ್ದರಿಂದ ಆನ್‌ಲೈನು ಮೇಲ್ಜಾತಿಯವರ ಹುನ್ನಾರ, ನಮಗೆ ಬೇಡ. ಇದು ಅರ್ಧ ಮಾತು. 2021ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್ ಹುಡುಗರಿಗೆ ಟ್ಯಾಬ್ಲೆಟ್ ಹಂಚಿತು. ಕೈಗೆ ಟ್ಯಾಬು ಬಂತು. ಪಾಠ ಬಂತಾ? ಸಲಕರಣೆಯ ಪ್ರಶ್ನೆಯನ್ನು ಗೆದ್ದ ಮೇಲೂ ಉಳಿಯುವ ಪ್ರಶ್ನೆ ವಿಧಾನದ್ದು. ಬಾಬಾಸಾಹೇಬರು 1913ರಿಂದ 1916ರವರೆಗೆ ಓದಿದ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೊಂದರ ಇಬ್ಬರು, ಶು ಮತ್ತು ಜಾಗರ್ಸ್ ಅನ್ನುವವರು, 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳ 40 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ತೆಗೆದುಕೊಂಡ ಸುಮಾರು 5 ಲಕ್ಷ ಕೋರ್ಸುಗಳ ಫಲಿತಾಂಶವನ್ನು ಅವರು ನೋಡಿದ್ದರು. ಆನ್‌ಲೈನ್ ಕೋರ್ಸಿನಲ್ಲಿ ಎಲ್ಲ ಗುಂಪಿನವರೂ ಸ್ವಲ್ಪ ಹಿಂದೆ ಬಿದ್ದರು. ಆದರೆ ಕಪ್ಪು ಜನರ ಮಕ್ಕಳು, ಮೊದಲೇ ಕಡಿಮೆ ಅಂಕ ಇದ್ದವರು, ಚಿಕ್ಕ ವಯಸ್ಸಿನವರು ಹೆಚ್ಚು ಹಿಂದೆ ಬಿದ್ದರು. ಅಂದರೆ ತರಗತಿಯಲ್ಲಿ ಇದ್ದ ಅಂತರ ಯಂತ್ರದೊಳಗೆ ಹೋಗಿ ಇನ್ನೂ ಅಗಲವಾಯಿತು. ಅದು ಅಮೆರಿಕ, ಅಲ್ಲಿ ನಮ್ಮಷ್ಟು ಸಲಕರಣೆಯ ಬರ ಇಲ್ಲ. ಆದರೂ ಹೀಗಾಯಿತು.

ಹಾಗಾದರೆ ವಿಧಾನದಲ್ಲಿ ಏನು ಕೆಟ್ಟಿದೆ? ನಮ್ಮ ಕಾಲೇಜುಗಳಲ್ಲಿ ಆನ್‌ಲೈನ್ ಪಾಠ ಅಂದರೆ ಏನಾಯಿತು ಅಂತ ನೆನಪು ಮಾಡಿಕೊಳ್ಳಿ. ಹತ್ತು ಗಂಟೆಗೆ ಮೊದಲ ಪೀರಿಯಡ್, ಹನ್ನೊಂದಕ್ಕೆ ಎರಡನೇದು. ಕಾಲೇಜಿನ ಟೈಮ್‌ಟೇಬಲನ್ನೇ ಎತ್ತಿ ಫೋನಿನೊಳಗೆ ಇಟ್ಟರು. ಮೇಷ್ಟ್ರು ಒಂದು ಗಂಟೆ ಪಿಪಿಟಿ ಓದುತ್ತಾರೆ, ನಡುವೆ ಹತ್ತು ಸಲ 'ಕೇಳಿಸ್ತಾ ಇದೆಯಾ' ಅನ್ನುತ್ತಾರೆ, ಕೊನೆಗೆ ಹಾಜರಿ. ಬ್ರೆಜಿಲ್‌ನ ಪಾಲೊ ಫ್ರೇರೆ 1968ರಲ್ಲೇ ಇಂಥ ಕಲಿಸುವಿಕೆಗೆ ಬ್ಯಾಂಕಿಂಗ್ ಅಂತ ಹೆಸರಿಟ್ಟಿದ್ದ: ಮೇಷ್ಟ್ರು ಜಮಾ ಮಾಡುತ್ತಾನೆ, ವಿದ್ಯಾರ್ಥಿ ಬರೀ ಖಾತೆ. ಆನ್‌ಲೈನು ಬಂದಾಗ ಈ ಬ್ಯಾಂಕಿಗೆ ಎಟಿಎಂ ಬಂತು, ಅಷ್ಟೆ.

ಇದರ ಲೆಕ್ಕ ಹಾಕೋಣ. ಒಂದು ಗಂಟೆಯ ವಿಡಿಯೋ ತರಗತಿ ಸುಮಾರು ಅರ್ಧ ಜಿಬಿಯಿಂದ ಒಂದು ಜಿಬಿವರೆಗೆ ಡೇಟಾ ತಿನ್ನುತ್ತೆ. ಆ ದಿನಗಳಲ್ಲಿ ನಮ್ಮ ಹುಡುಗರು ಹಾಕಿಸುತ್ತಿದ್ದ ಪ್ಯಾಕು ದಿನಕ್ಕೆ ಒಂದೂವರೆ ಜಿಬಿ. ನಾಲ್ಕು ಪೀರಿಯಡ್ ಅಂದರೆ ಎರಡನೇದರ ಹೊತ್ತಿಗೋ ಮೂರನೇದರ ಹೊತ್ತಿಗೋ ಪ್ಯಾಕು ಖಾಲಿ. ಮನೇಲಿ ಓದುವ ಇನ್ನೊಂದು ಮಗು ಇದ್ದರೆ ಕೇಳಲೇಬೇಡಿ. ಅದೇ ಪಾಠವನ್ನು ಮೇಷ್ಟ್ರು ಹತ್ತು ನಿಮಿಷದ ಧ್ವನಿಯಾಗಿ ರೆಕಾರ್ಡು ಮಾಡಿ ವಾಟ್ಸಾಪಿಗೆ ಹಾಕಿದರೆ ಎರಡು ಮೂರು ಎಂಬಿ. ಜಿಬಿ ಎಲ್ಲಿ, ಎಂಬಿ ಎಲ್ಲಿ. ಡೇನಿಯಲ್ ಸ್ಟ್ಯಾನ್‌ಫೋರ್ಡ್ ಅನ್ನುವ ಅಮೆರಿಕದ ಶಿಕ್ಷಕ 2020ರ ಮಾರ್ಚ್‌ನಲ್ಲೇ, ಎಲ್ಲರೂ ವಿಡಿಯೋ ಮೀಟಿಂಗಿನ ಹಿಂದೆ ಓಡುತ್ತಿದ್ದಾಗ, ಒಂದು ಸಣ್ಣ ನಕ್ಷೆ ಬರೆದು ಹೇಳಿದ: ಕಲಿಸುವ ಸಾಧನಗಳನ್ನು ಎರಡು ಅಳತೆಯಲ್ಲಿ ನೋಡಿ, ಎಷ್ಟು ಡೇಟಾ ತಿನ್ನುತ್ತೆ, ಎಷ್ಟರ ಮಟ್ಟಿಗೆ ಅದೇ ಗಳಿಗೆಯಲ್ಲಿ ಹಾಜರಿರಬೇಕು. ಲೈವ್ ವಿಡಿಯೋ ಎರಡರಲ್ಲೂ ದುಬಾರಿ. ಬರಹ, ಚಿತ್ರ, ಧ್ವನಿ ಎರಡರಲ್ಲೂ ಅಗ್ಗ. ನಮ್ಮ ವಿಶ್ವವಿದ್ಯಾಲಯಗಳು ದುಬಾರಿಯದನ್ನೇ ಆರಿಸಿಕೊಂಡವು. ಯಾಕೆ? ಅದರಲ್ಲಿ ಮೇಷ್ಟ್ರು ಕಾಣುತ್ತಾರೆ, ಹಾಜರಿ ಕಾಣುತ್ತೆ, ಮೇಲಿನವರಿಗೆ ವರದಿ ಕಳಿಸೋಕೆ ಸ್ಕ್ರೀನ್‌ಶಾಟ್ ಸಿಗುತ್ತೆ. ಕಲಿಕೆ ಫೋಟೋದಲ್ಲಿ ಬೀಳುವ ವಸ್ತು ಅಲ್ಲವಲ್ಲ.

ಉದ್ದದ ಭಾಷಣ ಯಾರ ತಲೆಗೂ ಹೋಗೋದಿಲ್ಲ ಅನ್ನೋದಕ್ಕೆ ಸಾಕ್ಷಿ ಬೇಕಿದ್ದರೆ ಅದೂ ಇದೆ. ಎಡ್‌ಎಕ್ಸ್ ಅನ್ನುವ ದೊಡ್ಡ ಆನ್‌ಲೈನ್ ಕೋರ್ಸುಗಳ ಸಂಸ್ಥೆಯಲ್ಲಿ 69 ಲಕ್ಷ ಸಲ ವಿಡಿಯೋ ನೋಡಿದ ದಾಖಲೆಗಳನ್ನು ಫಿಲಿಪ್ ಗುವೋ ಮತ್ತು ಜೊತೆಗಾರರು 2014ರಲ್ಲಿ ಪರೀಕ್ಷಿಸಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ಸಾಮಾನ್ಯವಾಗಿ ನೋಡಿದ್ದು ಆರು ನಿಮಿಷದ ಒಳಗೆ. ಸ್ಟುಡಿಯೋದಲ್ಲಿ ಥಳಥಳ ಅಂತ ತೆಗೆದದ್ದಕ್ಕಿಂತ ಮೇಷ್ಟ್ರು ತನ್ನ ಮೇಜಿನ ಹತ್ತಿರ ಕೂತು ಮಾತಾಡಿದ್ದೇ ಹೆಚ್ಚು ಹಿಡಿಸಿತು. ನಮ್ಮ ತಮಟೆಯವರಿಗೆ, ಕತೆ ಹೇಳೋ ಅಜ್ಜಿಯರಿಗೆ ಇದು ಹೊಸ ಸುದ್ದಿಯೇನಲ್ಲ. ಮಾತನ್ನು ಎಲ್ಲಿ ಮುರಿದು, ಎಲ್ಲಿ 'ಹೂಂ' ಅನ್ನಿಸಬೇಕು ಅಂತ ಅವರಿಗೆ ಗೊತ್ತು.

ಕಲಿಸೋದಕ್ಕೆ ಬಂದವರೆಲ್ಲ ಹೀಗೇ ಇದ್ದರು ಅಂತ ಹೇಳಿದರೆ ಅನ್ಯಾಯ. ಆಗ ನಾನು ಬಿ.ಎ. ಓದುತ್ತಿದ್ದೆ. ಅರ್ಥಶಾಸ್ತ್ರಕ್ಕೆ ಇದ್ದವರು ಒಬ್ಬ ಅತಿಥಿ ಉಪನ್ಯಾಸಕರು. ಅವರು ಮೊದಲ ವಾರ ಪಾಠವನ್ನೇ ಮಾಡಲಿಲ್ಲ. ತರಗತಿಯ ಪ್ರತಿಯೊಬ್ಬರಿಗೂ ಫೋನು ಮಾಡಿದರು, ಅದೂ ಸಾದಾ ಕರೆ. ಯಾರ ಫೋನಪ್ಪಾ ಇದು, ನಿಂದಾ, ನಿಮ್ಮಣ್ಣಂದಾ? ಮನೇಲಿ ಯಾವ ಹೊತ್ತಲ್ಲಿ ಇರ್ತದೆ? ಕೆಲಸಕ್ಕೆ ಹೋಗ್ತಿದ್ದೀಯಾ? ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಅದೇ ಹೊತ್ತಿಗೆ ಕಾಲೇಜಿನಿಂದ ಬಂದಿದ್ದ ಗೂಗಲ್ ಫಾರಂ ನಿಮ್ಮಲ್ಲಿ ಇಂಟರ್‌ನೆಟ್ ಇದೆಯೇ ಎಂದು ಕೇಳುತ್ತಿತ್ತು. ಇಲ್ಲದವನು ಆ ಫಾರಂ ತುಂಬೋದು ಹೇಗೆ ಅಂತ ಕೇಳುವವರಿರಲಿಲ್ಲ. ಆಮೇಲೆ ಅವರ ಪಾಠ ಎಂಟು ಹತ್ತು ನಿಮಿಷದ ಧ್ವನಿಯಲ್ಲಿ, ಕನ್ನಡದಲ್ಲಿ ಬರೋಕೆ ಶುರುವಾಯಿತು. ಜೊತೆಗೆ ಕೈಯಲ್ಲಿ ಬರೆದ ಒಂದು ಹಾಳೆಯ ಫೋಟೋ, ಕೊನೆಗೆ ಒಂದು ಪ್ರಶ್ನೆ. ಉತ್ತರ ಬರೆದು ಫೋಟೋ ಕಳಿಸಬಹುದು, ಇಲ್ಲಾ ಮಾತಾಡಿ ಕಳಿಸಬಹುದು. ಎರಡು ದಿನದೊಳಗೆ ಅವರಿಂದ ವಾಪಸು ಒಂದು ಮಾತು ಬರೋದು, ಹೆಸರು ಹಿಡಿದು. ಭಾನುವಾರ ಸಂಜೆ ಐದೈದು ಜನರನ್ನು ಸೇರಿಸಿ ಕಾನ್ಫರೆನ್ಸ್ ಕಾಲ್, ಅದರಲ್ಲಿ ಅವರು ಕಡಿಮೆ ಮಾತಾಡೋರು.

ಭೂಸುಧಾರಣೆಯ ಪಾಠ ಬಂದಾಗ ಅವರು ಕೊಟ್ಟ ಪ್ರಶ್ನೆ ಇದು: 1974ರಲ್ಲಿ ಜಾರಿಗೆ ಬಂದ ತಿದ್ದುಪಡಿ ಕಾಯ್ದೆಯಿಂದ ನಿಮ್ಮ ಊರಲ್ಲಿ ಯಾರಿಗೆ ಭೂಮಿ ಸಿಕ್ತು, ಯಾರಿಗೆ ಸಿಗಲಿಲ್ಲ, ಯಾಕೆ? ಮನೇಲಿರೋ ಹಿರಿಯರನ್ನ ಕೇಳಿ, ಅವರ ಮಾತಲ್ಲೇ ಹೇಳಿ. ನಾನು ಅಜ್ಜಿಯನ್ನ ಕೇಳಿದೆ. ಅಜ್ಜಿ ಹೇಳಿದ್ದು: ಗೇಣಿ ಮಾಡ್ತಿದ್ದೋರು ಫಾರಂ ಹಾಕುದ್ರು, ಉಳೋ ಭೂಮಿ ಅವರದಾಯ್ತು. ನಿಮ್ಮ ತಾತ ಗೇಣಿದಾರ ಅಲ್ಲ ಕನಪ್ಪ, ಜೀತಗಾರ. ಜೀತಕ್ಕೆ ಯಾವ ಫಾರಂ ಇತ್ತು? ಪಠ್ಯಪುಸ್ತಕ ದೇವರಾಜ ಅರಸರ ಕಾಲದ ಭೂಸುಧಾರಣೆಯ ಬಗ್ಗೆ ನಾಲ್ಕು ಪುಟ ಬರೆದಿತ್ತು. ಉಳುವವನೇ ಒಡೆಯ ಅಂದಾಗ ಉಳುವವನು ಅಂತ ಕಾಗದದಲ್ಲಿ ಯಾರಿದ್ದ, ನೇಗಿಲ ಹಿಂದೆ ಯಾರಿದ್ದ ಅನ್ನೋ ಫರಕು ಆ ನಾಲ್ಕು ಪುಟದಲ್ಲಿ ಇರಲಿಲ್ಲ. ಆ ವಾರ ನಮ್ಮ ತರಗತಿಯಿಂದ ಹೋದ ಧ್ವನಿಗಳಲ್ಲಿ ಹಿಂದೆ ಕೋಳಿ ಕೂಗಿದ್ದೂ ಇತ್ತು, ಪಾತ್ರೆ ಬಿದ್ದ ಸದ್ದೂ ಇತ್ತು. ಮೇಷ್ಟ್ರು ಯಾರನ್ನೂ ಮ್ಯೂಟ್ ಮಾಡಲಿಲ್ಲ.

ಇದನ್ನ ಕೈಪಿಡಿಯ ಎದುರಿಗೆ ಇಟ್ಟು ನೋಡಿ. ಕೈಪಿಡಿಗೆ ಮನೆ ಅನ್ನೋದು ಅಡ್ಡಿ: ಸದ್ದು, ಗಲೀಜು, ಮುಚ್ಚಿಡಬೇಕಾದ ಹಿನ್ನೆಲೆ. ಈ ಮೇಷ್ಟರಿಗೆ ಮನೆಯೇ ಗ್ರಂಥಾಲಯ. ಆನ್‌ಲೈನ್ ವಿದ್ಯಾರ್ಥಿ ತನ್ನ ಜನರ ನಡುವೆ ಕೂತಿದ್ದಾನೆ ಅನ್ನೋದು ಕೊರತೆಯಲ್ಲ, ಕ್ಲಾಸ್‌ರೂಮಿನಲ್ಲಿ ಎಂದೂ ಸಿಗದ ಅನುಕೂಲ. ಇದನ್ನು ಬಳಸಿಕೊಂಡ ಕಡೆ ಪಾಠ ನಡೆದಿದೆ, ಮುಚ್ಚಿಟ್ಟ ಕಡೆ ಹಾಜರಿ ನಡೆದಿದೆ. ಶಿಕ್ಷಣಶಾಸ್ತ್ರದವರಿಗೂ ಇದರ ಅರಿವಿಲ್ಲ ಅಂತಲ್ಲ. ದೂರಶಿಕ್ಷಣದ ಬಗ್ಗೆ ಜೀವಮಾನವೆಲ್ಲ ಬರೆದ ಮೈಕೆಲ್ ಮೂರ್, ದೂರ ಅನ್ನೋದು ಮೈಲಿಯ ಲೆಕ್ಕ ಅಲ್ಲ, ಮೇಷ್ಟ್ರಿಗೂ ವಿದ್ಯಾರ್ಥಿಗೂ ನಡುವೆ ಮಾತುಕತೆ ಎಷ್ಟಿದೆ ಅನ್ನುವುದರ ಲೆಕ್ಕ ಅಂತ ವಾದಿಸಿದ್ದಾನೆ. ನಾವಿದನ್ನ ಇನ್ನೂ ಸಲೀಸಾಗಿ ಹೇಳಬಹುದು. ಊರಿಗೂ ಕೇರಿಗೂ ನಡುವೆ ನೂರು ಗಜ ಇರಬಹುದು. ಆ ದೂರ ಗಜದ್ದಲ್ಲ.

ಕ್ಯಾಮೆರಾದ ವಿಷಯಕ್ಕೆ ಬರೋಣ. ಇದರ ಬಗ್ಗೆ ಮೇಷ್ಟ್ರುಗಳಿಗೆ ಬಹಳ ಸಿಟ್ಟು. ಮುಖ ತೋರಿಸದವರು ಕಳ್ಳರು, ಫೋನ್ ಆನ್ ಮಾಡಿಟ್ಟು ಮಲಗಿರ್ತಾರೆ ಅಂತ. ಮಲಗಿದವರೂ ಇರಬಹುದು, ಇಲ್ಲ ಅನ್ನಲ್ಲ. ಆದರೆ ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾಸ್ಟೆಲ್ಲಿ ಮತ್ತು ಸರ್ವಾರಿ ಅನ್ನುವವರು ತಮ್ಮ ವಿದ್ಯಾರ್ಥಿಗಳನ್ನು ಕೇಳಿ 2021ರಲ್ಲಿ ಬರೆದಿದ್ದಾರೆ. ತಾನು ಹೇಗೆ ಕಾಣ್ತೀನೋ ಅನ್ನೋ ಅಳುಕು, ಹಿಂದೆ ಮನೆಯವರು, ಮನೆ ಕಾಣುತ್ತೆ ಅನ್ನೋ ಸಂಕೋಚ, ನೆಟ್‌ವರ್ಕಿನ ತೊಂದರೆ, ಇವು ಕಾರಣಗಳು. ಹಿಂದುಳಿಸಲ್ಪಟ್ಟ ಸಮುದಾಯಗಳ ಮಕ್ಕಳನ್ನು ಇವು ಹೆಚ್ಚು ಕಾಡುವಂತೆ ಕಾಣುತ್ತೆ ಅಂತಲೂ ಹೇಳಿದ್ದಾರೆ. ಅಮೆರಿಕದ ದೊಡ್ಡ ಯೂನಿವರ್ಸಿಟಿಯ ಮಕ್ಕಳಿಗೇ ಮನೆ ತೋರಿಸೋಕೆ ಸಂಕೋಚ ಅಂದರೆ, ಹಿಂದಿನ ಗೋಡೇಲಿ ಅಂಬೇಡ್ಕರ್ ಫೋಟೋ ಇರೋ ಹುಡುಗಿಗೆ? ಆ ಫೋಟೋ ಅವಳ ಹೆಮ್ಮೆ. ಆದರೆ ತರಗತಿಯ ಐವತ್ತು ಜನ ಅದನ್ನ ನೋಡಿ ಏನು ತಿಳ್ಕೊಳ್ತಾರೆ ಅನ್ನೋದೂ ಅವಳಿಗೆ ಗೊತ್ತು. ಹೆಮ್ಮೆಯನ್ನ ಯಾವಾಗ ತೋರಿಸಬೇಕು ಅಂತ ತೀರ್ಮಾನ ಮಾಡೋಳು ಅವಳಾಗಿರಬೇಕು, ಹಾಜರಿ ತಗೊಳ್ಳೋ ಮೇಷ್ಟ್ರಲ್ಲ.

ಹೆದರಿಕೆಗೆ ಆಧಾರ ಇಲ್ಲ ಅಂತಾರಾ? 2021ರ ಏಪ್ರಿಲ್‌ನಲ್ಲಿ ಐಐಟಿ ಖರಗ್‌ಪುರದ ಒಂದು ಆನ್‌ಲೈನ್ ತರಗತಿಯ ವಿಡಿಯೋ ಹೊರಬಂತು. ಪರಿಶಿಷ್ಟ ಜಾತಿ, ಪಂಗಡ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಅಂತಲೇ ಇರುವ ಪೂರ್ವಸಿದ್ಧತಾ ಕೋರ್ಸಿನ ಇಂಗ್ಲಿಷ್ ತರಗತಿ ಅದು. ಪಾಠ ಮಾಡುವ ಪ್ರಾಧ್ಯಾಪಕಿ ಆ ಮಕ್ಕಳನ್ನ ಹೊಲಸು ಬೈಗುಳದಲ್ಲಿ ಬೈದರು, ಯಾವ ಆಯೋಗಕ್ಕಾದರೂ ಹೋಗಿ ದೂರು ಕೊಡಿ ಅಂತ ಸವಾಲು ಹಾಕಿದರು. ದೇಶವೆಲ್ಲ ಗದ್ದಲ ಎದ್ದ ಮೇಲೆ ಸಂಸ್ಥೆ ಆಕೆಯನ್ನು ಅಮಾನತು ಮಾಡಿತು. ಇದರಲ್ಲಿ ನಾವು ಗಮನಿಸಬೇಕಾದ ಇನ್ನೊಂದು ಮುಖ ಇದೆ. ಇಂಥ ಬೈಗುಳ ಕ್ಲಾಸ್‌ರೂಮಿಗೆ ಹೊಸದಲ್ಲ. ನಮ್ಮ ಅಪ್ಪಂದಿರ ಕಾಲದಿಂದ ಕೇಳಿಕೊಂಡೇ ಬಂದಿದ್ದಾರೆ, ಎಷ್ಟೋ ಜನ ಆ ಮಾತಿಗೇ ಶಾಲೆ ಬಿಟ್ಟಿದ್ದಾರೆ. ಅವಕ್ಕೆಲ್ಲ ಸಾಕ್ಷಿ ಇರಲಿಲ್ಲ. ಇದಕ್ಕೆ ಇತ್ತು, ಯಾಕಂದ್ರೆ ಯಂತ್ರ ರೆಕಾರ್ಡು ಮಾಡಿತ್ತು.

ಆದ್ದರಿಂದ ಕ್ಲಾಸ್‌ರೂಮೇ ಸ್ವರ್ಗ, ಆನ್‌ಲೈನೇ ನರಕ ಅನ್ನುವ ಹಾಡನ್ನು ನಾವು ಹಾಡಬಾರದು. ಬಾಬಾಸಾಹೇಬರು ಶಾಲೆಯಲ್ಲಿ ಕೂತದ್ದು ಬೇರೆ ಮೂಲೆಯಲ್ಲಿ, ಮನೆಯಿಂದ ಹೊತ್ತು ತಂದ ಗೋಣಿತಾಟಿನ ಮೇಲೆ. ಅದು ಆಫ್‌ಲೈನ್ ತರಗತಿ ತಾನೇ? ಯಾರ ಜೊತೆ ಯಾರು ಕೂರುತ್ತಾರೆ, ಯಾರ ಕೈ ಎತ್ತಿದರೆ ಮೇಷ್ಟ್ರ ಕಣ್ಣಿಗೆ ಬೀಳುತ್ತೆ, ಯಾರ ಉಚ್ಚಾರಣೆಗೆ ಬೆಂಚು ನಗುತ್ತೆ, ಇವೆಲ್ಲ ಇಟ್ಟಿಗೆ ಗೋಡೆಯ ಒಳಗೇ ನಡೆದಿವೆ. ಮೂರು ವರ್ಷ ಬಾಯಿ ಬಿಡದಿದ್ದ ಹುಡುಗಿಯರು ಧ್ವನಿ ಕಳಿಸಿ ಅಂದಾಗ ಮಾತಾಡಿದ್ದನ್ನ ನಾನೇ ಕೇಳಿದ್ದೀನಿ. ಅವರಿಗೆ ತಪ್ಪಾದರೆ ಅಳಿಸಿ ಮತ್ತೆ ಹೇಳುವ ಸೌಕರ್ಯ ಇತ್ತು, ನಗುವ ಬೆಂಚು ಇರಲಿಲ್ಲ. ಅದೂ ರಾತ್ರಿ, ಪಾತ್ರೆ ತೊಳೆದು, ಅಣ್ಣ ಫೋನು ಕೊಟ್ಟ ಮೇಲೆ. ಬೆಳಗ್ಗೆ ಹನ್ನೊಂದರ ಲೈವ್ ತರಗತಿ ಅವರ ಪಾಲಿಗೆ ಇರಲೇ ಇಲ್ಲ. ಪ್ರಶ್ನೆಗಳನ್ನ ಹೆಸರಿಲ್ಲದೆ ಕೇಳುವ ಏರ್ಪಾಡು ಕೂಡ ಸುಲಭ, ಒಂದು ಪೆಟ್ಟಿಗೆ ತೆರೆದಿಟ್ಟರಾಯಿತು. ಹೆಸರಿನ ಬಾಲದಲ್ಲಿ ಜಾತಿ ನೇತಾಡುವ ದೇಶದಲ್ಲಿ ಇದು ಸಣ್ಣ ವಿಷಯವಲ್ಲ. ಆದರೆ ಟೈಪು ಮಾಡಿ ಕೇಳಿ ಅಂದಾಗ ಇಂಗ್ಲಿಷ್ ಬರುವವರೇ ಮುಂದೆ ಬರ್ತಾರೆ, ಕನ್ನಡ ಟೈಪಿಂಗ್ ಎಲ್ಲರಿಗೂ ಕೈಗೆ ಬಂದಿಲ್ಲ. ಅದಕ್ಕೇ ಧ್ವನಿಗೆ ಜಾಗ ಇರಬೇಕು.

ಏಕಲವ್ಯನನ್ನ ದೂರಶಿಕ್ಷಣದ ಮೊದಲ ವಿದ್ಯಾರ್ಥಿ ಅಂತ ವೇದಿಕೆ ಮೇಲೆ ಹೊಗಳುವವರನ್ನ ನೋಡಿದ್ದೀನಿ. ಹೊಗಳಲಿ. ಮಣ್ಣಿನ ದ್ರೋಣ ಅವನ ಒಂದು ತಪ್ಪನ್ನೂ ತಿದ್ದಲಿಲ್ಲ, ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಫೀಸು ಕೇಳುವ ಹೊತ್ತಿಗೆ ಮಾತ್ರ ನಿಜದ ದ್ರೋಣ ಬಂದ. ನಮ್ಮ ಎಷ್ಟೋ ಆನ್‌ಲೈನ್ ಕೋರ್ಸುಗಳ ರಚನೆ ಇದಕ್ಕಿಂತ ಬೇರೆ ಏನಲ್ಲ: ರೆಕಾರ್ಡು ಮಾಡಿದ ಮೂರ್ತಿ ವರ್ಷವೆಲ್ಲ, ಪರೀಕ್ಷಾ ಶುಲ್ಕಕ್ಕೆ ಜೀವಂತ ಮನುಷ್ಯ.

ದೂರದಿಂದ ಕಲಿಸೋದು ಹೇಗೆ ಅಂತ ಜಗತ್ತಿಗೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ ಅದು. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1969ರಲ್ಲಿ ಹುಟ್ಟಿ 1971ರ ಜನವರಿಯಲ್ಲಿ ಪಾಠ ಶುರು ಮಾಡಿತು. ಅದಕ್ಕಾಗಿ ಹಟ ಹಿಡಿದು ದುಡಿದ ಮಂತ್ರಿ ಜೆನ್ನಿ ಲೀ ಒಬ್ಬ ಗಣಿ ಕಾರ್ಮಿಕನ ಮಗಳು. ಹಿಂದಿನ ಅಂಕಪಟ್ಟಿ ಕೇಳಲಿಲ್ಲ, ಯಾರು ಬೇಕಾದರೂ ಸೇರಬಹುದಿತ್ತು. ಬಿಬಿಸಿ ರೇಡಿಯೋ, ಟಿವಿಯಲ್ಲಿ ಪಾಠ ಬರುತ್ತಿದ್ದದ್ದು ನಿಜ. ಆದರೆ ಬೆನ್ನೆಲುಬು ಅದಲ್ಲ. ಅಂಚೆಯಲ್ಲಿ ಬರುವ, ಒಬ್ಬನೇ ಕೂತು ಓದುವವನಿಗಾಗಿಯೇ ಬರೆದ ಪಾಠಗಳು. ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್. ಅವನು ಉತ್ತರಪತ್ರಿಕೆಯ ಮೇಲೆ ಅಂಕದ ಜೊತೆಗೆ ಬರೆದು ಕಳಿಸುವ ಮಾತು. ಬೇಸಿಗೆಯಲ್ಲಿ ಎಲ್ಲರೂ ಸೇರುವ ಶಿಬಿರ. ನಮ್ಮಲ್ಲೂ ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಶಿಕ್ಷಣ ಶುರು ಮಾಡಿತು, ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ಗಾರ್ಮೆಂಟ್ಸಿನಲ್ಲಿ ಹೊಲಿಯುವ ಹೆಣ್ಣುಮಕ್ಕಳು, ಬಸ್ ಕಂಡಕ್ಟರುಗಳು, ಹೊಲದ ಕೂಲಿಯ ನಡುವೆ ಎಂ.ಎ. ಕಟ್ಟಿದ ನಮ್ಮ ಅಣ್ಣಂದಿರು ಇಂಥ ಬಾಗಿಲಿಂದಲೇ ಒಳಗೆ ಬಂದವರು. ಆನ್‌ಲೈನೇ ಬೇಡ ಅನ್ನುವ ಗೆಳೆಯರು ಇವರ ಮುಖ ನೋಡಿ ಉತ್ತರ ಹೇಳಬೇಕು. ಕಾಲೇಜಿಗೆ ಬರಲಾರದವರಿಗೆ ಒಳ್ಳೇ ದೂರಪಾಠ ಹಕ್ಕು, ದಾನ ಅಲ್ಲ.

ಈಗ ಹಣದ ಮಾತು. ಯುಜಿಸಿ 2021ರ ಮೇ ತಿಂಗಳಲ್ಲಿ ಒ೦ದು ಟಿಪ್ಪಣಿ ಹೊರಡಿಸಿ, ಕೋರ್ಸುಗಳ ನೂರಕ್ಕೆ 40ರಷ್ಟನ್ನು ಆನ್‌ಲೈನಿನಲ್ಲಿ ಕಲಿಸಬಹುದು ಎಂಬ ವಿಚಾರ ಮುಂದಿಟ್ಟಿತು. ಅದೇ ವರ್ಷದ ನಿಯಮದಲ್ಲಿ ಒಂದು ಸೆಮಿಸ್ಟರಿನ ನೂರಕ್ಕೆ 40ರವರೆಗಿನ ಕೋರ್ಸುಗಳನ್ನು ಸ್ವಯಂ ವೇದಿಕೆಯಿಂದ ತೆಗೆದುಕೊಳ್ಳಬಹುದು ಎಂದಾಯಿತು. ಕಾಗದದ ಮೇಲೆ ಇದು ಆಯ್ಕೆ. ಆದರೆ ಮೇಷ್ಟ್ರ ಹುದ್ದೆ ತುಂಬದ ಕಾಲೇಜಿನಲ್ಲಿ ಆಯ್ಕೆ ಯಾರದ್ದು? ಪಟ್ಟಣದ ಮಕ್ಕಳಿಗೆ ಮೇಷ್ಟ್ರು, ನಮ್ಮ ತಾಲ್ಲೂಕು ಕಾಲೇಜಿನ ಮಕ್ಕಳಿಗೆ ವಿಡಿಯೋ ಅಂತ ಆಗದ ಹಾಗೆ ನೋಡಿಕೊಳ್ಳೋರು ಯಾರು? ನಾನು ಮೇಲೆ ಹೇಳಿದ ಪಾಠ ಅಗ್ಗ ಅಂತ ಕೆಲವರಿಗೆ ಅನಿಸಿರಬಹುದು. ಡೇಟಾದ ಲೆಕ್ಕದಲ್ಲಿ ಅಗ್ಗ. ದುಡಿಮೆಯ ಲೆಕ್ಕದಲ್ಲಿ ಬಹಳ ದುಬಾರಿ. ಅರವತ್ತು ಜನರಿಗೆ ಫೋನು, ಅರವತ್ತು ಧ್ವನಿ ಕೇಳಿ ಅರವತ್ತು ಜವಾಬು. ಒಬ್ಬ ಮೇಷ್ಟ್ರಿಗೆ ಮುನ್ನೂರು ಮಕ್ಕಳನ್ನ ಕಟ್ಟಿದರೆ ಇದು ಆಗುವ ಕೆಲಸವಲ್ಲ.

ಅದನ್ನ ಮಾಡಿದವರಿಗೆ ಏನು ಕೊಟ್ಟೆವು? ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಪಾಲನ್ನು ಹೊತ್ತವರು ಅತಿಥಿ ಉಪನ್ಯಾಸಕರು. ಆಗ ಅವರಿಗೆ ಇದ್ದದ್ದು ತಿಂಗಳಿಗೆ 11 ಸಾವಿರ, 13 ಸಾವಿರ ರೂಪಾಯಿ ಗೌರವಧನ, ಅದೂ ತಿಂಗಳು ತಿಂಗಳಿಗೆ ಕೈ ಸೇರುತ್ತಿರಲಿಲ್ಲ. ಮುಷ್ಕರ ಹೂಡಿದ ಮೇಲೆ 2022ರ ಜನವರಿಯಲ್ಲಿ ಅದನ್ನು ಏರಿಸಿದರು. ನಮ್ಮ ಅರ್ಥಶಾಸ್ತ್ರದ ಮೇಷ್ಟ್ರು ಆ ಧ್ವನಿಗಳನ್ನ ಕಳಿಸುತ್ತಿದ್ದ ತಿಂಗಳುಗಳಲ್ಲಿ ಬೆಳಗಿನ ಹೊತ್ತು ತಮ್ಮೂರಿನಲ್ಲಿ ನರೇಗಾ ಕೆಲಸಕ್ಕೆ ಹೋಗುತ್ತಿದ್ದರು ಅಂತ ಆಮೇಲೆ ಗೊತ್ತಾಯಿತು. ರೀಚಾರ್ಜು ಅವರ ಕೈಯಿಂದಲೇ. ಪರಿಣಾಮಕಾರಿ ಬೋಧನೆಯ ಕೈಪಿಡಿ ಬರೆಯೋರು ಇಂಥವರನ್ನ ಒಂದು ಸಲವಾದರೂ ಕಾರ್ಯಾಗಾರಕ್ಕೆ ಕರೆದು ಮಾತಾಡಿಸಿದ್ದಾರಾ? ಕರೆದಿದ್ದರೂ ಹಿಂದಿನ ಸಾಲಿನಲ್ಲಿ ಕೂರಿಸಿ ಸರ್ಟಿಫಿಕೇಟ್ ಕೊಟ್ಟು ಕಳಿಸಿರ್ತಾರೆ.

ಈ ಪತ್ರಿಕೆ ಓದುವ ಹಳ್ಳಿಯ ಮೇಷ್ಟ್ರುಗಳಲ್ಲಿ, ಅತಿಥಿ ಉಪನ್ಯಾಸಕರಲ್ಲಿ ಒಂದು ಕೇಳಿಕೆ. ಆ ಎರಡು ವರ್ಷ ನೀವು ಏನು ಮಾಡಿದಿರಿ, ಯಾವ ಪಾಠವನ್ನು ಹೇಗೆ ದಾಟಿಸಿದಿರಿ, ಯಾವುದು ಮಕ್ಕಳಿಗೆ ತಲುಪಲೇ ಇಲ್ಲ, ಯಾರು ಕಾಲೇಜಿಗೆ ವಾಪಸು ಬರಲಿಲ್ಲ, ಅವರು ಈಗ ಎಲ್ಲಿದ್ದಾರೆ, ಬರೆದು ಕಳಿಸಿ. ಗ್ರಾಂಥಿಕ ಕನ್ನಡ ಬೇಕಿಲ್ಲ. ಬರೆಯೋಕೆ ಪುರಸೊತ್ತಿಲ್ಲದವರು ಧ್ವನಿಯಲ್ಲೇ ಹೇಳಿ ಕಳಿಸಿ, ನಾವು ಕೂತು ಬರೆದುಕೊಳ್ತೇವೆ.